ಹೊತ್ತು ತಂದ ಹಿಮ

ಮೃಗಶಿರೆ ಹುಸಿಹೋಗಿ, ಆರ್ದ್ರೆಯೂ ಹನಿಯದೆ ಕಳೆದ ವರ್ಷ ನಮ್ಮ ಹಳ್ಳಿಯ ರೈತನ ಪಾಡು ಹೇಗಿರುತ್ತದೆಂಬುದನ್ನು ನೀವು ಬಲ್ಲಿರಿ. ಕೂರಿಗೆ ಸಿದ್ಧವಾಗಿದೆ, ಬೀಜ ಸಿದ್ಧವಾಗಿದೆ; ಮುಗಿಲು ಮಾತ್ರ ಸಿದ್ಧವಾಗಿಲ್ಲ. ದಿನಕ್ಕೆ ಹತ್ತು ಸಲ ಅಂಗಳಕ್ಕೆ ಬಂದು ಪಡುವಣ ದಿಕ್ಕನ್ನು ನೋಡುತ್ತಾನೆ. ಸಂಜೆ ರೇಡಿಯೋ ಹೇಳುವ ಹವಾ ವರ್ತಮಾನಕ್ಕೆ ಕಿವಿಗೊಡುತ್ತಾನೆ. ಇಂಥದೇ ಚಿಂತೆ, ಇಂಥದೇ ಕಾತರ, ಜಗತ್ತಿನ ಚಳಿನಾಡುಗಳಲ್ಲಿ ಇನ್ನೊಂದು ಜನಕ್ಕೂ ಉಂಟು. ಅವರು ಕಾಯುವುದು ಮಳೆಯನ್ನಲ್ಲ, ಹಿಮವನ್ನು. ನವೆಂಬರ್ ಕಳೆದು ಡಿಸೆಂಬರ್ ಬಂದರೂ ಬೆಟ್ಟಗಳು ಹಸುರಾಗಿಯೇ ಉಳಿದರೆ, ಬಿಸಿಲು ಬೆಚ್ಚಗೆ ಕಾಯುತ್ತಿದ್ದರೆ, ನಮಗೆ ಅದು ಸೊಗಸಾದ ಹವೆಯೆಂದು ತೋರೀತು. ಅವರಿಗೆ ಅದೇ ಬರಗಾಲ.

ಈ ಜನ ಸ್ಕೀ ಆಟದವರು. ಅದನ್ನು ನಂಬಿ ಬದುಕುವ ಗಿರಿವಾಸಿಗಳು. ಹಿಮ ಕೈಕೊಟ್ಟಾಗ ಅವರು ಏನೇನು ಮಾಡಿದರೆಂಬುದು ಒಂದು ಸ್ವಾರಸ್ಯವಾದ ಇತಿಹಾಸ. ಹಿಮವನ್ನು ಬೆನ್ನ ಮೇಲೆ ಹೊತ್ತು ತಂದರು, ಯಂತ್ರದಿಂದ ಮಾಡಿದರು, ಬೇಸಗೆಯುದ್ದಕ್ಕೂ ಮುಚ್ಚಿಟ್ಟು ಕಾಪಾಡಿದರು. ಆದರೂ ಒಂದು ಪದಾರ್ಥ ಮಾತ್ರ ಅವರ ಕೈಗೆ ಸಿಕ್ಕಲಿಲ್ಲ. ಅದು ಯಾವುದೆಂಬುದನ್ನು ಕಥೆಯೇ ಹೇಳಲಿ.

ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಪಟ್ಟಿ. ಮೊದಲು ಅದು ಆಟದ ವಸ್ತುವಾಗಿರಲಿಲ್ಲ. ಆಳವಾದ ಹಿಮದಲ್ಲಿ ಹೂತುಹೋಗದಂತೆ ನಡೆಯಲು, ಬೇಟೆಗೆ ಹೋಗಲು, ಉತ್ತರದ ದೇಶಗಳವರು ಸಾವಿರಾರು ವರ್ಷಗಳಿಂದ ಅದನ್ನು ಬಳಸುತ್ತಿದ್ದರು. 19ನೆಯ ಶತಮಾನದಲ್ಲಿ ನಾರ್ವೆಯ ಟೆಲೆಮಾರ್ಕ್ ಪ್ರಾಂತದ ಸೊಂಡ್ರೆ ನೋರ್‌ಹೈಮ್‌ನಂಥ ಕುಶಲಿಗಳು ಅದನ್ನು ಒಂದು ಕಲೆಯಾಗಿ ಮಾಡಿದರು. ಅಲ್ಲಿಂದ ಅದು ಆಲ್ಪ್ಸ್ ಪರ್ವತಗಳಿಗೆ ಬಂತು. ಷೆರ್ಲಾಕ್ ಹೋಮ್ಸನ ಕಥೆಗಳನ್ನು ಬರೆದ ಕಾನನ್ ಡಾಯ್ಲ್ 1894ರಲ್ಲಿ ಸ್ವಿಟ್ಜರ್ಲೆಂಡಿನ ಡಾವೋಸಿನಿಂದ ಆರೋಸಾಕ್ಕೆ ಕಣಿವೆ ದಾಟಿ ಸ್ಕೀ ಮೇಲೆ ಹೋಗಿ, ಆ ಅನುಭವವನ್ನು ಪತ್ರಿಕೆಗೆ ಬರೆದನೆಂದರೆ ನೀವು ಅಚ್ಚರಿಪಡಬಹುದು. ಕ್ರಮೇಣ ಚಳಿಗಾಲದಲ್ಲಿ ಕದ ಮುಚ್ಚಿ ಕೂರುತ್ತಿದ್ದ ಬೆಟ್ಟದ ಊರುಗಳಿಗೆ ಚಳಿಗಾಲವೇ ಸುಗ್ಗಿಯಾಯಿತು. ಹೋಟೆಲುಗಳು ಎದ್ದವು, ತಂತಿಯ ಹಾದಿಗಳು ಬಂದವು. ಸ್ಕೀ ಕಲಿಸುವುದೇ ಒಂದು ವೃತ್ತಿಯಾಯಿತು. ಹಿಂದೆ ಹಿಮ ಬೀಳದಿದ್ದರೆ ದನ ಮೇಯಿಸುವವನಿಗೆ ಸಂತೋಷವಾಗುತ್ತಿತ್ತು. ಈಗ ಊರಿಗೆ ಊರೇ ಕಂಗಾಲಾಗುವ ಕಾಲ ಬಂತು.

1924ರಲ್ಲಿ ಫ್ರಾನ್ಸಿನ ಷಾಮೊನಿಯಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ಮೊದಲಾದವು. ಎರಡನೆಯ ಸಲವೇ ಪ್ರಕೃತಿ ತನ್ನ ಹಟ ತೋರಿತು. 1928ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನಲ್ಲಿ 50 ಕಿಲೋಮೀಟರಿನ ಸ್ಕೀ ಓಟ ನಡೆಯಿತು. ಬೆಳಿಗ್ಗೆ ಓಟ ಹೊರಟಾಗ ಹವೆ ಸೊನ್ನೆ ಡಿಗ್ರಿಯ ಸುಮಾರಿಗಿತ್ತು. ಮಧ್ಯಾಹ್ನದ ವೇಳೆಗೆ ಅದು 25 ಡಿಗ್ರಿ ಸೆಂಟಿಗ್ರೇಡಿಗೆ ಏರಿತು! ನಮ್ಮ ಬೆಂಗಳೂರಿನ ಹಿತವಾದ ಮಧ್ಯಾಹ್ನವೊಂದನ್ನು ನೆನೆಯಿರಿ. ಅಂಥ ಹವೆಯಲ್ಲಿ ಹಿಮದ ಮೇಲೆ ಓಟ. ಹೊರಡುವಾಗ ಗಟ್ಟಿ ಹಿಮಕ್ಕೆಂದು ಪಟ್ಟಿಗಳ ಅಡಿಗೆ ಬಳಿದುಕೊಂಡಿದ್ದ ಮೇಣ ಕರಗಿದ ಹಿಮದಲ್ಲಿ ನಿರುಪಯೋಗಿಯಾಯಿತು. ಓಟಗಾರರಲ್ಲಿ ಸುಮಾರು ಕಾಲು ಭಾಗ ಮಂದಿ ನಡುವೆಯೇ ಬಿಟ್ಟುಕೊಟ್ಟರು. ಅದೇ ಕ್ರೀಡೆಗಳಲ್ಲಿ 10,000 ಮೀಟರಿನ ಸ್ಕೇಟಿಂಗ್ ಓಟವನ್ನು ಮಂಜುಗಡ್ಡೆ ಕರಗಿತೆಂದು ಅರ್ಧಕ್ಕೇ ನಿಲ್ಲಿಸಿಬಿಟ್ಟರು.

ಇದಕ್ಕೆ ಕಾರಣ ‘ಫೊನ್’ ಎಂಬ ಗಾಳಿ. ಅದರ ಗುಟ್ಟು ಸಹ್ಯಾದ್ರಿಯ ಮಗ್ಗುಲಲ್ಲಿರುವ ನಮಗೆ ಸುಲಭವಾಗಿ ತಿಳಿಯುವಂಥದು. ಪಡುವಣ ಕಡಲಿನ ಗಾಳಿ ಘಟ್ಟ ಹತ್ತುವಾಗ ಆಗುಂಬೆಯಲ್ಲಿ ಮಳೆ ಸುರಿಸಿ, ಘಟ್ಟ ಇಳಿದು ಬಯಲುಸೀಮೆಗೆ ಬರುವ ಹೊತ್ತಿಗೆ ಒಣಗಿರುತ್ತದಷ್ಟೆ. ಆಲ್ಪ್ಸ್‌ನಲ್ಲಿಯೂ ದಕ್ಷಿಣದಿಂದ ಬರುವ ಗಾಳಿ ತನ್ನ ತೇವವನ್ನೆಲ್ಲ ಅತ್ತಲ ಮಗ್ಗುಲಲ್ಲಿ ಸುರಿಸಿ, ಇತ್ತ ಉತ್ತರದ ಕಣಿವೆಗಳಿಗೆ ಧುಮುಕುತ್ತದೆ. ಇಳಿಯುವಾಗ ಒತ್ತಡ ಹೆಚ್ಚಿ, ಸೈಕಲ್ ಪಂಪಿನ ಕೊಳವೆ ಬಿಸಿಯಾಗುವಂತೆ, ಪ್ರತಿ ನೂರು ಮೀಟರಿಗೆ ಸುಮಾರು 1 ಡಿಗ್ರಿಯಂತೆ ಬೆಚ್ಚಗಾಗುತ್ತದೆ. ಒಣಗಾಳಿ, ಬಿಸಿಗಾಳಿ, ಹಿಮಕ್ಕೆ ಇದಕ್ಕಿಂತ ಶತ್ರು ಬೇರೆ ಬೇಕೆ?

ಮುಂದಿನ ಕ್ರೀಡೆಗಳು 1932ರಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್ ಎಂಬ ಊರಿನಲ್ಲಿ. ಅಲ್ಲಿಯೂ ಆ ಚಳಿಗಾಲ ಬೆಚ್ಚಗೆ ಬಂತು. ಬೇರೆ ಕಡೆಗಳಿಂದ ಹಿಮವನ್ನು ಸಾಗಿಸಿ ತಂದು ಓಟದ ಹಾದಿಗಳನ್ನು ಸರಿಪಡಿಸಬೇಕಾಯಿತು. ಆದರೆ ಹಿಮವನ್ನು ಹೊರುವ ಕೆಲಸ ಒಂದು ಯುದ್ಧಸನ್ನಾಹದ ಮಟ್ಟ ಮುಟ್ಟಿದ್ದು 1964ರಲ್ಲಿ, ಆಸ್ಟ್ರಿಯಾ ದೇಶದ ಇನ್ಸ್‌ಬ್ರುಕ್‌ನಲ್ಲಿ.

ಇನ್ಸ್‌ಬ್ರುಕ್ ಟಿರೋಲ್ ಪ್ರಾಂತದ ರಾಜಧಾನಿ. ಇನ್ ನದಿಯ ದಂಡೆಯ ಮೇಲಿನ ಹಳೆಯ ಪಟ್ಟಣ. ಸುತ್ತ ಎಲ್ಲಿ ನೋಡಿದರೂ ಬೆಟ್ಟ. ಹಿಮದ ಆಟಕ್ಕೆ ಇದಕ್ಕಿಂತ ತಕ್ಕ ಸ್ಥಳ ಸಿಕ್ಕದೆಂದೇ ಎಲ್ಲರ ಎಣಿಕೆ. 36 ದೇಶಗಳಿಂದ ಸಾವಿರಕ್ಕೂ ಹೆಚ್ಚು ಕ್ರೀಡಾಳುಗಳು ಬರುವವರಿದ್ದರು. ಜನವರಿ 29ಕ್ಕೆ ಉದ್ಘಾಟನೆ. ಆದರೆ ಆ ಸಲದ ಚಳಿಗಾಲ ತೀರ ಒಣಗಿಹೋಯಿತು. ಇಳಿಜಾರುಗಳಲ್ಲಿ ಹುಲ್ಲು ಕಾಣುತ್ತಿತ್ತು, ಕಲ್ಲು ಕಾಣುತ್ತಿತ್ತು. ಮದುವೆಗೆ ಚಪ್ಪರ ಹಾಕಿ, ನೆಂಟರನ್ನು ಕರೆದು, ಅಡಿಗೆಗೆ ಅಕ್ಕಿಯಿಲ್ಲವೆಂದು ತಿಳಿದ ಮನೆಯ ಯಜಮಾನನ ಸ್ಥಿತಿ ಆ ಊರಿನದಾಯಿತು.

ಆಗ ಆಸ್ಟ್ರಿಯಾ ತನ್ನ ಸೈನ್ಯವನ್ನು ಕರೆಯಿತು. ಸೈನಿಕರು ಎತ್ತರದ ಬೆಟ್ಟಗಳಲ್ಲಿ ಮಂಜುಗಡ್ಡೆಯನ್ನು ಇಟ್ಟಿಗೆಗಳಂತೆ ಕಡಿದರು. ಅಂಥ 20,000 ಇಟ್ಟಿಗೆಗಳನ್ನು ಜಾರುಬಂಡಿಗಳ ಓಟದ ಹಾದಿಗೆ ಸಾಗಿಸಿದರು. ಸ್ಕೀ ಓಟದ ಇಳಿಜಾರುಗಳಿಗೆಂದು 40,000 ಘನ ಮೀಟರ್ ಹಿಮವನ್ನು ತಂದು ಸುರಿದರು. ಒಂದು ಲಾರಿಗೆ 5 ಘನ ಮೀಟರ್ ಎಂದು ಲೆಕ್ಕ ಹಾಕಿದರೂ 8,000 ಲಾರಿಗಳ ಹೊರೆ! ತಂದು ಸುರಿದರೆ ಸಾಲದು. ಸಡಿಲ ಹಿಮದ ಮೇಲೆ ಓಟ ಸಾಗದು. ಸೈನಿಕರು ಸಾಲಾಗಿ ನಿಂತು, ಕೈಯಿಂದ ಬಡಿದು ಕಾಲಿಂದ ತುಳಿದು, ನಮ್ಮವರು ಕಣದ ನೆಲವನ್ನು ಗಟ್ಟಿಮಾಡುವಂತೆ, ಇಡೀ ಬೆಟ್ಟದ ಮೈಯನ್ನು ಹದಗೊಳಿಸಿದರು. ಇಷ್ಟಾದ ಮೇಲೆ, ಉದ್ಘಾಟನೆಗೆ ಹತ್ತು ದಿನ ಉಳಿದಿರುವಾಗ, ಮಳೆ ಬಂತು. ಹಾಕಿದ ಹಿಮ ಹಾಳಾಯಿತು. ಅವರು ಮತ್ತೆ ಮೊದಲಿನಿಂದ ಹೊತ್ತರು, ಮತ್ತೆ ತುಳಿದರು.

ಕ್ರೀಡೆಗಳು ನಡೆದವು. ಪಾಟ್ಷರ್‌ಕೋಫೆಲ್ ಬೆಟ್ಟದ ಇಳಿಜಾರು ಓಟವನ್ನು ಆಸ್ಟ್ರಿಯಾದವನೇ ಆದ ಎಗೋನ್ ಸಿಮ್ಮರ್‌ಮನ್ ಗೆದ್ದ. ಫ್ರಾನ್ಸಿನ ಅಕ್ಕತಂಗಿಯರು, ಕ್ರಿಸ್ಟೀನ್ ಮತ್ತು ಮರಿಯೆಲ್ ಗಾಯ್ಟ್‌ಷೆಲ್, ಎರಡು ಓಟಗಳಲ್ಲಿ ಚಿನ್ನ ಬೆಳ್ಳಿಗಳನ್ನು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಂಡರು. ಭಾರತ ಚಳಿಗಾಲದ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಹೆಜ್ಜೆಯಿಟ್ಟದ್ದೂ ಈ ಹೊತ್ತು ತಂದ ಹಿಮದ ಮೇಲೆಯೇ. ಪೋಲಿಷ್ ಮೂಲದ ಜೆರೆಮಿ ಬುಜಾಕೋವ್ಸ್ಕಿ ನಮ್ಮ ದೇಶದ ಹೆಸರಿನಲ್ಲಿ ಆ ಬೆಟ್ಟವನ್ನಿಳಿದರು. ಓಟ ಮುಗಿಸಲು ಅವರಿಂದಾಗಲಿಲ್ಲ. ಆದರೆ ಭಾರತದ ಹೆಸರು ಆ ಪಟ್ಟಿಯಲ್ಲಿ ಸೇರಿತು.

ಇಷ್ಟನ್ನು ಹೇಳಿ ಮುಗಿಸಿದರೆ ಸೈನಿಕರ ಪರಾಕ್ರಮದ ಕಥೆಯಾಗುತ್ತದೆ. ಇನ್ನೊಂದನ್ನೂ ಹೇಳಬೇಕು. ಉದ್ಘಾಟನೆಗೆ ನಾಲ್ಕು ದಿನ ಮೊದಲು, ಜನವರಿ 25ರಂದು, ಅದೇ ಪಾಟ್ಷರ್‌ಕೋಫೆಲ್ ಇಳಿಜಾರಿನಲ್ಲಿ ಅಭ್ಯಾಸ ಮಾಡುತ್ತಿದ್ದ ಆಸ್ಟ್ರೇಲಿಯದ ರಾಸ್ ಮಿಲ್ನ್ ಎಂಬ 19 ವರ್ಷದ ಹುಡುಗ ಹಾದಿ ತಪ್ಪಿ ಮರಕ್ಕೆ ಬಡಿದು ಸತ್ತ. ಹುಡುಗನಿಗೆ ಅನುಭವ ಸಾಲದೆಂದು ಕೆಲವರು ಅಂದರು. ವೇಗ ತಗ್ಗಿಸಬೇಕಾಗಿ ಬಂದ ಸ್ಥಳದಲ್ಲಿ ನೆಲ ಅದಕ್ಕೆ ಸಜ್ಜಾಗಿರಲಿಲ್ಲವೆಂದು ಅವನ ತಂಡದವರು ಅಂದರು. ಯಾರ ಮಾತು ಎಷ್ಟು ಸರಿಯೆಂದು ಇಷ್ಟು ವರ್ಷಗಳ ಮೇಲೆ ನಾವು ತೀರ್ಪು ಕೊಡುವುದು ಬೇಡ. ಆದರೆ ಒಂದು ಮಾತು ನಿಜ. ಆಕಾಶದಿಂದ ಬೀಳುವ ಹಿಮ ಬೆಟ್ಟವನ್ನೆಲ್ಲ ಹೊದಿಸುತ್ತದೆ. ಹಾದಿಯ ಆಚೆ ಬಿದ್ದವನನ್ನೂ ಹಾಸಿಗೆಯಂತೆ ತಡೆದುಕೊಳ್ಳುತ್ತದೆ. ಮನುಷ್ಯ ಹೊತ್ತು ತಂದ ಹಿಮಕ್ಕೆ ಅಷ್ಟು ಔದಾರ್ಯವಿಲ್ಲ. ಅದು ಹಾದಿಯಷ್ಟೇ ಅಗಲ. ಅದರಾಚೆ ಕಲ್ಲು, ಬೇರು, ಮರ. ರಾಸ್‌ನ ತಮ್ಮ ಮ್ಯಾಲ್ಕಂ ಮಿಲ್ನ್ ಆಟವನ್ನು ಬಿಡಲಿಲ್ಲ. 1969ರಲ್ಲಿ ಫ್ರಾನ್ಸಿನ ವಾಲ್ ದಿಸೇರ್‌ನಲ್ಲಿ ವಿಶ್ವಕಪ್ಪಿನ ಇಳಿಜಾರು ಓಟವನ್ನು ಗೆದ್ದು ಅಣ್ಣನ ಹೆಸರು ಉಳಿಸಿದ.

ಇಷ್ಟು ಕಷ್ಟಪಟ್ಟು ಹೊರುವ ಬದಲು, ಬೇಕಾದ ಸ್ಥಳದಲ್ಲಿಯೇ ಹಿಮವನ್ನು ತಯಾರಿಸಬಾರದೇಕೆ ಎಂದು ನೀವು ಕೇಳಬಹುದು. ಈ ಪ್ರಶ್ನೆಯನ್ನು ಇನ್ಸ್‌ಬ್ರುಕ್ಕಿಗಿಂತ 14 ವರ್ಷ ಮೊದಲೇ ಅಮೆರಿಕದಲ್ಲಿ ಕೇಳಿಯಾಗಿತ್ತು. 1949–50ರ ಚಳಿಗಾಲ ಅಲ್ಲಿನ ಕನೆಕ್ಟಿಕಟ್ ಸಂಸ್ಥಾನದಲ್ಲಿ ಹಿಮವಿಲ್ಲದೆ ಕಳೆಯುತ್ತಿತ್ತು. ಮೊಹಾಕ್ ಬೆಟ್ಟದಲ್ಲಿ ಸ್ಕೀ ಮೈದಾನ ನಡೆಸುತ್ತಿದ್ದ ವಾಲ್ಟ್ ಷೋನೆಕ್ಟ್ ಎಂಬಾತ ಮಂಜುಗಡ್ಡೆಯ ಕಾರ್ಖಾನೆಯಿಂದ ನೂರಾರು ಟನ್ ಗಡ್ಡೆ ತರಿಸಿ, ಪುಡಿಮಾಡಿಸಿ ಇಳಿಜಾರಿನ ಮೇಲೆ ಹರಡಿಸಿದ. ದುಬಾರಿಯ ಉಪಾಯ, ಬಹಳ ದಿನ ನಡೆಯುವಂಥದಲ್ಲ.

ಅದೇ ಸಂಸ್ಥಾನದ ಮಿಲ್‌ಫರ್ಡ್ ಎಂಬ ಊರಿನಲ್ಲಿ ವೇಯ್ನ್ ಪಿಯರ್ಸ್, ಆರ್ಟ್ ಹಂಟ್, ಡೇವ್ ರಿಚೀ ಎಂಬ ಮೂವರು ಸ್ಕೀ ಪಟ್ಟಿಗಳನ್ನು ತಯಾರಿಸುವ ಸಣ್ಣ ಉದ್ಯಮ ನಡೆಸುತ್ತಿದ್ದರು. ಹಿಮವೇ ಇಲ್ಲದ ಮೇಲೆ ಪಟ್ಟಿ ಕೊಳ್ಳುವವರು ಯಾರು? ವ್ಯಾಪಾರ ಕುಸಿಯಿತು. ಚಳಿಗಾಳಿಯಲ್ಲಿ ನೀರಿನ ಹನಿಯನ್ನು ಊದಿಬಿಟ್ಟರೆ ಅದು ಹೆಪ್ಪುಗಟ್ಟಿ ಹಿಮವಾಗದೆ ಮತ್ತೇನಾದೀತು ಎಂದು ಪಿಯರ್ಸ್ ಯೋಚಿಸಿದ. ಬಣ್ಣ ಎರಚುವ ಯಂತ್ರದ ಗಾಳಿಯೊತ್ತು, ಒಂದು ತೂತುಮೂತಿ, ತೋಟಕ್ಕೆ ನೀರು ಬಿಡುವ ರಬ್ಬರ್ ಕೊಳವೆ: ಇಷ್ಟೇ ಅವರ ಬಂಡವಾಳ. 1950ರ ಮಾರ್ಚ್ 14ರ ಚಳಿಯ ರಾತ್ರಿ ಆ ಕೊಳವೆಯ ಮೂತಿಯಿಂದ ಹಿಮ ಉದುರಿತು. 1954ರಲ್ಲಿ ಅವರಿಗೆ ಈ ಉಪಕರಣದ ಹಕ್ಕುಪತ್ರ ದೊರೆಯಿತು. ಹೊಟ್ಟೆಪಾಡಿನ ಚಿಂತೆಯೇ ಎಷ್ಟೋ ಸಲ ವಿಜ್ಞಾನದ ತಾಯಿಯಾಗುವುದುಂಟು.

ಈ ಯಂತ್ರ ಕೆಲಸ ಮಾಡುವ ಬಗೆಯನ್ನು ತಿಳಿಯಲು ನಿಮ್ಮ ಮನೆಯ ಮಣ್ಣಿನ ಹೂಜಿಯನ್ನು ನೋಡಿದರೆ ಸಾಕು. ಹೂಜಿಯ ಮೈಯಿಂದ ಜಿನುಗಿದ ನೀರು ಆರುವಾಗ ತನ್ನೊಡನೆ ಶಾಖವನ್ನು ಒಯ್ಯುತ್ತದೆ. ಒಳಗಿನ ನೀರು ತಂಪಾಗುತ್ತದೆ. ಕಲಬುರಗಿಯ ಒಣಬೇಸಗೆಯಲ್ಲಿ ಹೂಜಿಯ ನೀರು ಕೊರೆಯುತ್ತದೆ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಅಷ್ಟು ತಂಪಾಗದು. ಏಕೆಂದರೆ ಅಲ್ಲಿಯ ಗಾಳಿಯಲ್ಲಿ ಆಗಲೇ ತೇವ ತುಂಬಿದೆ. ಹಿಮದ ಯಂತ್ರದ್ದೂ ಇದೇ ನ್ಯಾಯ. ಗಾಳಿಯ ಒತ್ತಡದಿಂದ ನೀರನ್ನು ಸೂಕ್ಷ್ಮ ಹನಿಗಳಾಗಿ ಎರಚುತ್ತಾರೆ. ಹನಿಗಳು ಸ್ವಲ್ಪ ಆರುತ್ತ, ಸುತ್ತಲ ಚಳಿಗೆ ಶಾಖ ಕೊಡುತ್ತ, ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತವೆ. ಗಾಳಿ ಒಣಗಿದ್ದರೆ ಸೊನ್ನೆಗಿಂತ ಕೊಂಚ ಮೇಲೂ ಕೆಲಸ ನಡೆದೀತು. ತೇವವಿದ್ದರೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿಯಲೇಬೇಕು. ಮುಗಿಲಿನ ಹಿಮದ ಹಳುಕು ಆರು ಎಸಳಿನ ಹೂವಿನಂತಿದ್ದರೆ, ಯಂತ್ರದ ಹಿಮ ಸಣ್ಣ ರವೆಯ ಕಾಳಿನಂತೆ ಗುಂಡಗೆ. ಹೆಚ್ಚು ಗಟ್ಟಿ, ಹೆಚ್ಚು ಭಾರ, ಬೇಗ ಕರಗದು. ಎರಡೂವರೆ ಎಕರೆ ಇಳಿಜಾರಿಗೆ ಒಂದಡಿ ದಪ್ಪ ಹಿಮ ಹಾಸಲು ಸುಮಾರು 10 ಲಕ್ಷ ಲೀಟರ್ ನೀರು ಬೇಕು. ನೀರೆತ್ತುವ ಪಂಪಿಗೂ ಗಾಳಿಯೊತ್ತಿಗೂ ವಿದ್ಯುತ್ತು ಬೇಕು.

1980ರಲ್ಲಿ, ಅದೇ ಲೇಕ್ ಪ್ಲಾಸಿಡ್‌ನಲ್ಲಿ, ಒಲಿಂಪಿಕ್ ಕ್ರೀಡೆಗಳು ಮೊದಲ ಬಾರಿಗೆ ಯಂತ್ರದ ಹಿಮವನ್ನು ಬಳಸಿಕೊಂಡವು. ಅಲ್ಲಿಗೆ ಸಮಸ್ಯೆ ತೀರಿತೆಂದು ನೀವು ಎಣಿಸಿದರೆ ತಪ್ಪಿಲ್ಲ. ಹಲವರು ಹಾಗೆಯೇ ಎಣಿಸಿದ್ದರು. ಆದರೆ 2010ರಲ್ಲಿ ಕೆನಡಾದ ವಾಂಕೂವರಿನಲ್ಲಿ ಆದದ್ದೇನು? ಆ ಜನವರಿ ಆ ಊರಿನ ದಾಖಲೆಯಲ್ಲೇ ಅತ್ಯಂತ ಬೆಚ್ಚನೆಯದಾಗಿ, ಸೈಪ್ರೆಸ್ ಬೆಟ್ಟದಲ್ಲಿ ಯಂತ್ರಗಳಿಗೆ ಬೇಕಾದ ಚಳಿಯೇ ಸಾಲದೆ ಬಂತು. ಹುಲ್ಲಿನ ಪಿಂಡಿಗಳನ್ನು ಅಡಿಗೆ ಹಾಸಿ, ಸುಮಾರು 250 ಕಿಲೋಮೀಟರ್ ದೂರದಿಂದ ಲಾರಿಗಳಲ್ಲಿ ಹಿಮ ತಂದು, ಹೆಲಿಕಾಪ್ಟರುಗಳಿಂದ ಮೇಲೆ ಸುರಿದರು. ನೋಡಿದಿರಾ? ಯಂತ್ರ ಬಂದು 60 ವರ್ಷವಾದ ಮೇಲೂ ಮನುಷ್ಯ ಮತ್ತೆ ಹಿಮ ಹೊರುವ ಕೂಲಿಯಾದ.

2014ರಲ್ಲಿ ರಷ್ಯದ ಸೋಚಿಯವರು ಮುನ್ನೆಚ್ಚರಿಕೆಯಾಗಿ ಹಿಂದಿನ ಚಳಿಗಾಲದ ಹಿಮವನ್ನೇ ದಪ್ಪ ಹೊದಿಕೆಗಳಡಿ ಕೂಡಿಟ್ಟಿದ್ದರು. ಸ್ವಿಟ್ಜರ್ಲೆಂಡಿನ ಡಾವೋಸಿನಲ್ಲಿ ಬೇಸಗೆಯುದ್ದಕ್ಕೂ ಸುಮಾರು 20,000 ಘನ ಮೀಟರ್ ಹಿಮವನ್ನು ಗರಗಸದ ಹೊಟ್ಟಿನ ಕೆಳಗೆ ಮುಚ್ಚಿಟ್ಟು, ಅಕ್ಟೋಬರ್ ಕೊನೆಗೆ ಹರಡಿ, ಸುತ್ತ ಹುಲ್ಲು ಹಸುರಾಗಿರುವಾಗಲೇ ಸ್ಕೀ ಓಟದ ಹಾದಿ ತೆರೆಯುತ್ತಾರೆ. ಮುಚ್ಚಿಟ್ಟದ್ದರಲ್ಲಿ ಮುಕ್ಕಾಲು ಭಾಗ ಉಳಿಯುತ್ತದೆ. ಈ ಉಪಾಯ ನಮ್ಮ ದೇಶಕ್ಕೆ ಹೊಸದಲ್ಲ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರನ ಹಡಗು 180 ಟನ್ ಮಂಜುಗಡ್ಡೆ ಹೇರಿಕೊಂಡು ಹೊರಟು, ನಾಲ್ಕು ತಿಂಗಳ ಪ್ರಯಾಣದ ಮೇಲೆ ಕಲ್ಕತ್ತೆ ಸೇರಿದಾಗ ಸುಮಾರು 100 ಟನ್ ಇನ್ನೂ ಉಳಿದಿತ್ತು. ಮದ್ರಾಸಿನ ಕಡಲ ತೀರದಲ್ಲಿ ನೀವು ಕಂಡಿರಬಹುದಾದ ‘ಐಸ್ ಹೌಸ್’ ಆ ವ್ಯಾಪಾರಕ್ಕೆಂದೇ ಕಟ್ಟಿದ್ದು. ಸ್ವಾಮಿ ವಿವೇಕಾನಂದರು 1897ರಲ್ಲಿ ತಂಗಿದ್ದುದರಿಂದ ಅದಕ್ಕೆ ಈಗ ಅವರ ಹೆಸರು.

2022ರಲ್ಲಿ ಚೀನದ ಬೀಜಿಂಗ್ ಕ್ರೀಡೆಗಳು ಬಹುಮಟ್ಟಿಗೆ ಪೂರ್ತಿ ಯಂತ್ರದ ಹಿಮದ ಮೇಲೆಯೇ ನಡೆದವು. ಕಂದುಬಣ್ಣದ ಬೋಳುಬೆಟ್ಟ, ನಡುವೆ ಬಿಳಿಯ ಪಟ್ಟಿಯಂತೆ ಓಟದ ಹಾದಿ: ಆ ಚಿತ್ರವನ್ನು ನೀವೂ ನೋಡಿರಬಹುದು. ಅಲ್ಲಿ ಚಳಿಯಿತ್ತು, ಆದ್ದರಿಂದ ಸಾಧ್ಯವಾಯಿತು. ಚಳಿಯೇ ಇಲ್ಲದಿದ್ದರೆ? ಆ ವರ್ಷವೇ ಕೆನಡಾದ ವಾಟರ್‌ಲೂ ವಿಶ್ವವಿದ್ಯಾನಿಲಯದವರ ಮುಂದಾಳುತನದಲ್ಲಿ ಒಂದು ಅಧ್ಯಯನ ಹೊರಬಂತು. ಕಲ್ಲಿದ್ದಲು ಎಣ್ಣೆಗಳ ಹೊಗೆ ಈಗಿನಂತೆಯೇ ಏರುತ್ತ ಹೋದರೆ, ಕ್ರೀಡೆಗಳು ನಡೆದ 21 ಊರುಗಳಲ್ಲಿ ಈ ಶತಮಾನದ ಕೊನೆಗೆ ನೆಚ್ಚಬಹುದಾದದ್ದು ಜಪಾನಿನ ಸಪ್ಪೊರೊ ಒಂದೇ ಎಂದು ಅದು ಹೇಳಿತು.

ಇದೆಲ್ಲ ದೂರದ ದೇಶಗಳ ಮಾತೆಂದು ಪುಟ ಮಗುಚಬೇಡಿ. ನಮ್ಮ ಕಾಶ್ಮೀರದ ಗುಲ್ಮಾರ್ಗಿನಲ್ಲಿ 1927ರಿಂದಲೇ ಸ್ಕೀ ಸಂಘವಿತ್ತು. ಡಿಸೆಂಬರ್ 21ರಿಂದ 40 ದಿನಗಳ ‘ಚಿಲ್ಲಾಯಿ ಕಲಾನ್’ ಎಂಬ ಕಡುಚಳಿಯ ಅವಧಿ ಅಲ್ಲಿ ಹಿಮದ ಸುಗ್ಗಿ. 2024ರ ಜನವರಿಯಲ್ಲಿ ಆ ಅವಧಿಯ ಬಹುಭಾಗ ಹಿಮವಿಲ್ಲದೆ ಕಳೆಯಿತು. ಬಿಳಿಯ ಹುಲ್ಲುಗಾವಲು ನೋಡಲು ಹೋದವರು ಕಂದು ನೆಲ ನೋಡಿ ಹಿಂದಿರುಗಿದರು. ತಿಂಗಳ ಕೊನೆಗೆ ಹಿಮ ಬಿತ್ತು. ಫೆಬ್ರವರಿಯ ‘ಖೇಲೋ ಇಂಡಿಯಾ’ ಚಳಿಗಾಲದ ಕ್ರೀಡೆಗಳು ಹೇಗೋ ನಡೆದವು. 2025ರಲ್ಲಿ ಅದೇ ಫೆಬ್ರವರಿಯ ಕ್ರೀಡೆಗಳನ್ನು ಹಿಮ ಸಾಲದೆ ಮಾರ್ಚಿಗೆ ಮುಂದೂಡಬೇಕಾಯಿತು. ಈ ಕ್ರೀಡೆಗಳಲ್ಲಿ ಕನ್ನಡ ನಾಡಿನವರೂ ಇದ್ದಾರೆ. ಹಿಮವನ್ನೇ ಕಾಣದ ಕೊಡಗಿನಲ್ಲಿ ಹುಟ್ಟಿದ ಭವಾನಿ ತೆಕ್ಕಡ ಎಂಬ ತರುಣಿ ಸ್ಕೀ ಓಟ ಕಲಿತು, ಗುಲ್ಮಾರ್ಗಿನಲ್ಲಿ ಕರ್ನಾಟಕಕ್ಕೆ ಪದಕಗಳನ್ನು ಗೆದ್ದಿದ್ದಾರೆ. ಮುಂಗಾರಿನ ಮಗಳು ಈಗ ಹಿಮಕ್ಕಾಗಿಯೂ ಮುಗಿಲು ನೋಡಬೇಕಾಗಿದೆ.

ಕಾಶ್ಮೀರದ ರೈತನಿಗಂತೂ ಇದು ಆಟದ ಮಾತೇ ಅಲ್ಲ. ಚಳಿಗಾಲದಲ್ಲಿ ಬೆಟ್ಟದ ಮೇಲೆ ನಿಂತ ಹಿಮವೇ ಬೇಸಗೆಯಲ್ಲಿ ಝೇಲಂ ನದಿಗೂ, ಸೇಬಿನ ತೋಟಕ್ಕೂ, ಗದ್ದೆಗೂ ಇಳಿಯುವ ನೀರು. ಸ್ಕೀ ಆಟದವನು ಹಿಮವಿಲ್ಲವೆಂದು ಮೊದಲು ಕೂಗಿಕೊಳ್ಳುತ್ತಾನೆ. ನಿಜವಾದ ಪೆಟ್ಟು ಆರು ತಿಂಗಳ ಅನಂತರ, ಕಣಿವೆಯಲ್ಲಿ ನೇಗಿಲು ಹಿಡಿದವನಿಗೆ ಬೀಳುತ್ತದೆ.

ಮೊದಲಲ್ಲಿ ಹೇಳಿದೆನಲ್ಲ, ಒಂದು ಪದಾರ್ಥ ಮನುಷ್ಯನ ಕೈಗೆ ಸಿಕ್ಕಲಿಲ್ಲವೆಂದು. ಅದು ಯಾವುದೆಂದು ನೀವು ಈಗಾಗಲೇ ಊಹಿಸಿರುತ್ತೀರಿ. ಹಿಮವನ್ನು ಹೊರಬಹುದು, ಮಾಡಬಹುದು, ಮುಚ್ಚಿಡಬಹುದು; ಬೆಟ್ಟದ ಮೇಲಿನ ಚಳಿಯನ್ನು ಮಾತ್ರ ಯಾರೂ ಹೊತ್ತು ತರಲಾರರು. ಯಂತ್ರಕ್ಕೂ ಚಳಿ ಬೇಕು, ಲಾರಿಗೂ ಎಲ್ಲೋ ಒಂದು ಕಡೆ ಬಿದ್ದ ಹಿಮ ಬೇಕು. ಇನ್ಸ್‌ಬ್ರುಕ್ಕಿನ ಸೈನಿಕರು ಮಳೆಗೆ ಹಾಳಾದ ಹಾದಿಯನ್ನು ಮತ್ತೆ ತುಳಿದು ಗಟ್ಟಿಮಾಡುವಾಗ, ಮೇಲಿನ ಬೆಟ್ಟಗಳಲ್ಲಿ ಕಡಿದು ತರಲು ಇನ್ನೂ ಹಿಮ ಉಳಿದಿತ್ತು. ಅದು ಅವರ ಭಾಗ್ಯ. ಈ ಸಂಜೆ ಹವಾ ವರ್ತಮಾನ ಕೇಳುವಾಗ ಉತ್ತರದ ಬೆಟ್ಟಗಳ ಸುದ್ದಿ ಬಂದರೆ, ಒಂದು ಗಳಿಗೆ ಅದಕ್ಕೂ ಕಿವಿಗೊಡಿ.